ಹಗರಿ: ಮರಳೊಳಗಿನ ಹೊಳೆ

(ಚಳ್ಳಕೆರೆಯಲ್ಲಿ ಕೊಟ್ಟ ದತ್ತಿ ಉಪನ್ಯಾಸದ ಅಚ್ಚುರೂಪ)



ಈ ದತ್ತಿ ಇಟ್ಟವರು ಹೊಳೆದಂಡೆಯ ಊರೊಂದರ ಹೆಣ್ಣುಮಗಳು. ಅವರ ತಂದೆ ಅದೇ ಊರಿನ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಏನು ಮಾತಾಡಲಿ ಎಂದು ನಾನು ಫೋನಿನಲ್ಲಿ ಕೇಳಿದೆ. "ಅಪ್ಪಾಜಿಗೆ ಹೊಳೆ ಅಂದ್ರೆ ಜೀವ. ಹೊಳೆ ಬಗ್ಗೆ ಮಾತಾಡ್ರಿ ಸಾರ್, ಸಾಕು" ಅಂದರು. ಇಷ್ಟು ನೇರವಾದ ಆಮಂತ್ರಣ ನನಗೆ ಹಿಂದೆಂದೂ ಬಂದಿರಲಿಲ್ಲ.

ಹೊಳೆ ಅಂದರೆ ನಮಗೆಲ್ಲ ಗೊತ್ತು. ಕಾಗದಪತ್ರದಲ್ಲಿ ವೇದಾವತಿ, ಬಾಯಲ್ಲಿ ಹಗರಿ. ಆದರೆ ಬೇರೆ ಸೀಮೆಯ ನೆಂಟರನ್ನು ಕರಕೊಂಡು ಸೇತುವೆ ದಾಟುವಾಗ ಅವರು ಕೇಳುವ ಮಾತು ನಿಮಗೂ ಕೇಳಿಸಿರುತ್ತದೆ: "ಎಲ್ಲಿ ಹೊಳೆ?" ಕೆಳಗೆ ನೋಡಿದರೆ ದಂಡೆಯಿಂದ ದಂಡೆಗೆ ಮರಳು, ನಡುನಡುವೆ ಬಳ್ಳಾರಿ ಜಾಲಿ, ದೂರದಲ್ಲಿ ನಾಲ್ಕು ಕುರಿ. ಮಲೆನಾಡಿನಿಂದ ಬಂದವರಿಗೆ ಅದು ಸತ್ತ ನದಿಯ ಹಾಗೆ ಕಾಣುತ್ತದೆ. ನಾನು ಇವತ್ತು ಹೇಳಲು ಬಂದಿರುವುದು ಒಂದೇ ಮಾತು. ಆ ಮರಳೇ ಹೊಳೆ. ಈ ಸೀಮೆಯ ಜನ ಸಾವಿರಾರು ವರ್ಷ ಬದುಕಿದ್ದು ಮೇಲೆ ಹರಿಯುವ ನೀರಿನಿಂದಲ್ಲ, ಮರಳೊಳಗೆ ನಿಂತ ನೀರಿನಿಂದ. ನಮ್ಮ ಪರಂಪರೆ ಎನ್ನುವುದೆಲ್ಲ, ದೇವರು, ದನ, ಕಲ್ಲು, ಕೆರೆ, ಹಾಡು ಎಲ್ಲವೂ, ಆಗೊಮ್ಮೆ ಈಗೊಮ್ಮೆ ಬರುವ ಹೊಳೆಯೊಂದಿಗೆ ಬಾಳುವುದನ್ನು ಕಲಿತವರ ಪರಂಪರೆ.

ನನಗೆ ಇದನ್ನು ಕಲಿಸಿದವಳು ನನ್ನ ಅಜ್ಜಿ. ಬೇಸಿಗೆಯಲ್ಲಿ ಬೆಳಗಿನ ಜಾವ ಬಿಂದಿಗೆ ಹೊತ್ತು ಹೊಳೆಗೆ ಹೋಗುವಾಗ ಹಿಂದೆ ನಾನು. ಅಜ್ಜಿ ಒಂದು ಕಡೆ ನಿಂತು, ಕಾಲಿನ ಹೆಬ್ಬೆರಳಿನಿಂದ ಮರಳನ್ನು ಒತ್ತಿ ನೋಡುತ್ತಿದ್ದಳು. ತಂಪು ಎಲ್ಲಿದೆ ಎಂದು ಅವಳ ಬೆರಳಿಗೆ ಗೊತ್ತಾಗುತ್ತಿತ್ತು. ಅಲ್ಲಿ ಕೂತು ಎರಡು ಕೈಯಿಂದ ಬಗೆಯುವಳು. ಒಂದು ಮೊಳ ಇಳಿಯುವಷ್ಟರಲ್ಲಿ ಗುಂಡಿಯ ಗೋಡೆ ಬಣ್ಣ ತಿರುಗುತ್ತಿತ್ತು, ಬಿಳಿಚಿಕೊಂಡ ಮರಳು ಬೆಲ್ಲದ ಬಣ್ಣಕ್ಕೆ ಬರುತ್ತಿತ್ತು. ಆಮೇಲೆ ತಳದಲ್ಲಿ ಕಣ್ಣು ತೆರೆದ ಹಾಗೆ ನೀರು. ಮೊದಲ ನಾಲ್ಕು ಚಿಪ್ಪು ನೀರು ಕದಡು, ಅದನ್ನು ಹೊರಗೆ ಚೆಲ್ಲಬೇಕು. ನಾನು ಅವಸರ ಮಾಡಿದರೆ, "ತಡಿಯಲೇ, ಗಂಗಮ್ಮ ಉಸುರು ತಗಂತಾಳೆ" ಅನ್ನುವಳು. ಸ್ವಲ್ಪ ಹೊತ್ತಿಗೆ ತಳದ ಒಂದೊಂದು ಕಾಳೂ ಎಣಿಸುವಷ್ಟು ತಿಳಿಯಾಗುತ್ತಿತ್ತು. ತೆಂಗಿನ ಚಿಪ್ಪಿನಲ್ಲಿ ಮೊಗೆಮೊಗೆದು, ಸೆರಗಿನಲ್ಲಿ ಸೋಸಿ ಬಿಂದಿಗೆ ತುಂಬಿ ಎದ್ದರೆ, ವರತೆ ಎನ್ನುವ ಆ ಗುಂಡಿಯನ್ನು ಮುಚ್ಚುವ ಹಾಗಿರಲಿಲ್ಲ. ನಮ್ಮ ಹಿಂದೆ ಕುರಿಯವರು ಬರುತ್ತಾರೆ, ಅವರ ಹಿಂದೆ ಕುರಿ, ಕುರಿಯ ಹಿಂದೆ ಹಕ್ಕಿ. ತೋಡಿದವರು ಯಾರೋ, ಕುಡಿದವರು ಯಾರೋ. ಜಾತಿ ಕೇಳಿ ನೀರು ಕೊಡುತ್ತಿದ್ದ ಕಾಲದಲ್ಲಿ ಊರ ಬಾವಿಗಿದ್ದ ಕಟ್ಟಳೆ ಹೊಳೆಯ ವರತೆಯ ಹತ್ತಿರ ಸಡಿಲವಾಗುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಅಜ್ಜಿಯ ಹೆಬ್ಬೆರಳು ತಿಳಿದದ್ದಕ್ಕೆ ಲೆಕ್ಕವೂ ಇದೆ. ಮರಳಿನ ಕಾಳು ಕಾಳಿನ ನಡುವಿನ ಸಂದು ಒಟ್ಟು ಗಾತ್ರದ ಸುಮಾರು ಮೂರರಲ್ಲೊಂದು ಪಾಲು. 100 ಮೀಟರ್ ಅಗಲದ ಹೊಳೆಯಲ್ಲಿ 1 ಕಿಲೋಮೀಟರ್ ಉದ್ದಕ್ಕೆ 3 ಮೀಟರ್ ಆಳ ಮರಳಿದ್ದರೆ, ಒಂದು ಸಲ ಹೊಳೆ ಬಂದು ಹೋದಾಗ ಅದರೊಳಗೆ ಸುಮಾರು 10 ಕೋಟಿ ಲೀಟರ್ ನೀರು ನಿಲ್ಲುತ್ತದೆ. ಎಲ್ಲವೂ ಕೈಗೆ ಬಾರದು. ಅರ್ಧ ಬಂದರೂ ಐದು ಕೋಟಿ. ತೆರೆದ ಕೆರೆಯ ನೀರನ್ನು ನಮ್ಮ ಬಿಸಿಲು ವರ್ಷಕ್ಕೆ ಆಳುದ್ದ ಕುಡಿದುಬಿಡುತ್ತದೆ. ಮರಳಿನಲ್ಲಿ ಎರಡು ಮೊಳ ಕೆಳಗಿಳಿದ ನೀರಿಗೆ ಬಿಸಿಲು ಹೆಚ್ಚೇನೂ ಮಾಡಲಾರದು. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆಗೆ ಇದಕ್ಕಿಂತ ಒಳ್ಳೆಯ ಕಣಜ ಯಾರೂ ಕಟ್ಟಿಕೊಡಲಾರರು.

ಹೊಳೆ ಹುಟ್ಟುವುದು ನಮ್ಮಲ್ಲಲ್ಲ. ಬಾಬಾಬುಡನ್ ಗಿರಿಯ ಮೂಡಣ ಮಗ್ಗುಲಲ್ಲಿ ವೇದಾ, ಅವತಿ ಎಂಬ ಎರಡು ಹಳ್ಳ. ವೇದೆ ಸಖರಾಯಪಟ್ಟಣದ ಅಯ್ಯನಕೆರೆಯನ್ನು ತುಂಬುತ್ತಾಳೆ, ಅವತಿ ಕಡೂರಿನ ಮದಗದ ಕೆರೆಯನ್ನು ತುಂಬುತ್ತಾಳೆ. ಕನ್ನಡದ ಮಕ್ಕಳೆಲ್ಲ ಮಳೆಯ ಹಾಡಿನಲ್ಲಿ ಹಾಡಿಕೊಂಡು ಬೆಳೆದ ಮದಗದ ಕೆರೆ ಅದೇ. ಅಲ್ಲಿಂದ ಕೂಡಿ ಇಳಿದವಳು ಹೊಸದುರ್ಗದ ಸೀಮೆ ದಾಟಿ, ಹಿರಿಯೂರಿನ ಕೂಡಲಹಳ್ಳಿಯಲ್ಲಿ ಸುವರ್ಣಮುಖಿಯನ್ನು ಸೇರಿಸಿಕೊಂಡು ಚಳ್ಳಕೆರೆ ಸೀಮೆಗೆ ಬರುತ್ತಾಳೆ. ಪರಶುರಾಂಪುರದ ಕಡೆಯಿಂದ ಆಂಧ್ರಕ್ಕೆ ದಾಟಿ ಗುಮ್ಮಘಟ್ಟದ ಹತ್ತಿರ ಭೈರವಾನಿತಿಪ್ಪದ ಅಣೆಕಟ್ಟಿಗೆ ಬೀಳುತ್ತಾಳೆ. ರಾಯದುರ್ಗ ಸೀಮೆಯ ಬಯಲಲ್ಲಿ ಸಾಗಿ, ಬಳ್ಳಾರಿಯ ಪಕ್ಕದಲ್ಲಿ ಹಾದು, ಸಿರುಗುಪ್ಪ ತಾಲೂಕಿನಲ್ಲಿ ತುಂಗಭದ್ರೆಗೆ ಸೇರುತ್ತಾಳೆ. ರಾಯದುರ್ಗದ ಹಲವು ಕಡೆ ಇವತ್ತಿಗೂ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು. ನಮ್ಮ ಎಷ್ಟೋ ಮನೆಗಳ ಸೊಸೆಯಂದಿರು ಅಲ್ಲಿಯವರು. ರಾಜ್ಯದ ಗಡಿಕಲ್ಲು ನೆಟ್ಟವರಿಗೆ ಅದು ಎರಡು ರಾಜ್ಯ; ಹೊಳೆಗೆ ಒಂದೇ ಪಾತ್ರ.

ಹಗರಿ ಎಂಬ ಹೆಸರನ್ನು ‘ಅಘಹರಿ’, ಅಂದರೆ ಪಾಪ ಕಳೆಯುವವಳು ಎಂದು ಬಿಡಿಸುವವರಿದ್ದಾರೆ. ಬಿಡಿಸಲಿ. ನನಗೆ ವೇದಾವತಿ ಎಂಬ ಹೆಸರಿನ ಮೇಲೆ ಬೇರೆ ಕಾರಣಕ್ಕೆ ಮಮತೆ. ರಾಮಾಯಣದ ಉತ್ತರಕಾಂಡದಲ್ಲಿ ಕುಶಧ್ವಜನ ಮಗಳು ವೇದವತಿ ತಪಸ್ಸಿಗೆ ಕೂತಿರುತ್ತಾಳೆ. ರಾವಣ ಬಂದು ಮುಡಿಗೆ ಕೈಹಾಕುತ್ತಾನೆ. ಅವನ ಕೈಮುಟ್ಟಿದ ಮೈ ಬೇಡವೆಂದು ಅವಳು ಬೆಂಕಿಗೆ ನಡೆಯುತ್ತಾಳೆ, ನಿನ್ನ ಸಾವಿಗಾಗಿ ಮತ್ತೆ ಹುಟ್ಟುತ್ತೇನೆ ಎಂದು ಹೇಳಿ. ಇನ್ನು ಮೊಳಕಾಲ್ಮುರು ತಾಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಸ್ಥಳಕಥೆ ನಿಮಗೆ ಗೊತ್ತೇ ಇದೆ, ಜಟಾಯು ರಾವಣನನ್ನು ಅಡ್ಡಗಟ್ಟಿ ರೆಕ್ಕೆ ಕಳಕೊಂಡು ಬಿದ್ದದ್ದು ಅಲ್ಲಿ ಎನ್ನುತ್ತಾರೆ. ರಾವಣನಿಗೆ ಒಲ್ಲೆ ಎಂದ ಹೆಣ್ಣಿನ ಹೆಸರು ಹೊಳೆಗೆ, ಅವನನ್ನು ತಡೆದ ಹಕ್ಕಿಯ ಹೆಸರು ಬೆಟ್ಟಕ್ಕೆ. ಒಂದೇ ಸೀಮೆಯಲ್ಲಿ ಇವೆರಡೂ ಇರುವುದು ಬರೀ ಕಾಕತಾಳೀಯ ಇರಬಹುದು. ಆದರೆ ಇದೇ ಚಳ್ಳಕೆರೆ ತಾಲೂಕಿನ ತಳುಕಿನವರಾದ ಟಿ. ಎಸ್. ವೆಂಕಣ್ಣಯ್ಯನವರಿಗೆ ಅವರ ಶಿಷ್ಯ ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಅರ್ಪಿಸಿದ್ದನ್ನೂ ಇದಕ್ಕೆ ಸೇರಿಸಿಕೊಂಡರೆ ನನ್ನ ಮನಸ್ಸು ತುಂಬುತ್ತದೆ.

ಹೊಳೆದಂಡೆಯ ಬೆಳಗೆರೆಯನ್ನು ಹೇಳದೆ ಮುಂದೆ ಹೋಗಲಾರೆ. ಬೆಳಗೆರೆ ಜಾನಕಮ್ಮನವರು 1912ರಲ್ಲಿ ಹುಟ್ಟಿ 1948ರಲ್ಲಿ ತೀರಿಕೊಂಡರು, ಇನ್ನೂ ನಲವತ್ತು ತುಂಬಿರಲಿಲ್ಲ. ಕನ್ನಡದಲ್ಲಿ ಹೆಣ್ಣುಮಕ್ಕಳು ಕವಿತೆ ಬರೆಯುವುದು ಇನ್ನೂ ಅಪರೂಪವಾಗಿದ್ದ ಕಾಲದಲ್ಲಿ, ಮನೆಗೆಲಸದ ನಡುವೆ ಕದ್ದ ಬಿಡುವಿನಲ್ಲಿ ಬರೆದವರು. ಅವರ ತಮ್ಮ ಬೆಳಗೆರೆ ಕೃಷ್ಣಶಾಸ್ತ್ರಿಗಳು ‘ಯೇಗ್ದಾಗೆಲ್ಲಾ ಐತೆ’ ಬರೆದರು. ಅದರಲ್ಲಿ ಮುಕುಂದೂರು ಸ್ವಾಮಿಗಳು ಆಡುವ ಕನ್ನಡ ಯಾವ ನೀರಿನದು ಎಂದು ಈ ಸಭೆಗೆ ನಾನು ಹೇಳಬೇಕಿಲ್ಲ.

ಈಗ ಮೊಳಕಾಲ್ಮುರಿಗೆ ಬರೋಣ. ಅಲ್ಲಿಯ ಹೊಳೆ ಚಿಕ್ಕದು. ಚಿನ್ನ ಹಗರಿ, ಜನಗಿ ಹಳ್ಳ ಎಂದು ಎರಡು ಹೆಸರು. ಜಗಳೂರಿನ ಕಡೆಯಿಂದ ಬಂದು, ರಂಗಯ್ಯನದುರ್ಗದಲ್ಲಿ ಕಟ್ಟೆಗೆ ಸಿಕ್ಕಿ, ರಾಂಪುರದ ಬಯಲಿಗೆ ಬಂದು ದೊಡ್ಡ ಹಗರಿಯ ದಾರಿ ಹಿಡಿಯುತ್ತದೆ. ಈ ಹಳ್ಳದ ದಂಡೆಯಲ್ಲಿ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಎಂಬ ಮೂರು ಜಾಗದಲ್ಲಿ ಅಶೋಕನ ಶಾಸನಗಳಿವೆ. ಕ್ರಿಸ್ತಪೂರ್ವ 3ನೇ ಶತಮಾನದವು, ಕರ್ನಾಟಕದ ಅತಿ ಹಳೆಯ ಬರಹಗಳ ಸಾಲಿನವು. ಬಿ. ಎಲ್. ರೈಸ್ ಅವುಗಳನ್ನು ಲೋಕಕ್ಕೆ ತೋರಿಸಿದ್ದು 1892ರಲ್ಲಿ.

ಆದರೆ ನಮ್ಮವರಿಗೆ ಆ ಬಂಡೆಗಳು ಮೊದಲೇ ಗೊತ್ತಿದ್ದವು. ಬ್ರಹ್ಮಗಿರಿಯದು ‘ಅಕ್ಷರಗುಂಡು’. ಓದಲು ಬಾರದಿದ್ದರೂ ಅದು ಅಕ್ಷರ ಎಂಬುದು ಜನಕ್ಕೆ ತಿಳಿದಿತ್ತು, ಅದರ ಮೇಲೆ ಸುರಿದ ನೀರಿಗೆ ಔಷಧಗುಣವಿದೆ ಎಂಬ ನಂಬಿಕೆಯಿತ್ತು. ಸಿದ್ದಾಪುರದ ಬಂಡೆ ‘ಎಮ್ಮೆ ತಮ್ಮನ ಗುಂಡು’, ದನಗಾಹಿಗಳ ಹೆಸರು. ಜಟಿಂಗ ರಾಮೇಶ್ವರದ ಶಾಸನವಿರುವುದು ‘ಬಳೆಗಾರರ ಗುಂಡಿ’ನಲ್ಲಿ. ಪರಿಷೆಯಲ್ಲಿ ಬಳೆಗಾರರು ಅದರ ಮೇಲೆ ಅಂಗಡಿ ಹರಡಿ ಹರಡಿ ಅಕ್ಷರ ಬಹಳಷ್ಟು ಸವೆದುಹೋಗಿದೆ. ಇದನ್ನು ಓದಿದಾಗ ಮೊದಲು ನನಗೆ ಸಂಕಟವಾಗಿತ್ತು. ಆಮೇಲೆ ಅಲ್ಲಿಗೆ ಹೋಗಿ ಆ ಬಂಡೆಯ ಮೇಲೆ ಅಂಗೈ ಇಟ್ಟು ನೋಡಿದೆ. ಸವೆದ ಕಡೆ ನುಣುಪು, ಬಿಸಿಲು ಹೀರಿ ಬೆಚ್ಚಗಿತ್ತು. ಇಲ್ಲಿ ಕೂತು ಎಷ್ಟು ತಲೆಮಾರಿನ ಹೆಣ್ಣುಮಕ್ಕಳು ಕೈಚಾಚಿ ಬಳೆ ಇಡಿಸಿಕೊಂಡಿದ್ದಾರೋ. ಚಕ್ರವರ್ತಿಯ ಅಕ್ಷರ ಸವೆದದ್ದು ಅವರ ಹಬ್ಬದಿಂದ. ಸಂಕಟ ಪೂರ್ತಿ ಹೋಗಲಿಲ್ಲ, ಆದರೆ ಸಿಟ್ಟು ಹೋಯಿತು.

ಶಾಸನದಲ್ಲಿ ಏನಿದೆ? ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎನ್ನುವ ಅರ್ಥದ ಮಾತು. ಸುವರ್ಣಗಿರಿಯ ಆರ್ಯಪುತ್ರನಿಂದ ಇಸಿಲದ ಮಹಾಮಾತ್ರರಿಗೆ ಬಂದ ಆದೇಶ ಅದು. ಇಸಿಲ ಎಂದರೆ ಇಲ್ಲಿಯ ಊರೇ. ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ. ಉಳಿದದ್ದೆಲ್ಲ ಬ್ರಾಹ್ಮಿಯಲ್ಲಿ ಬರೆದು, ತಾನು ಲಿಪಿಕಾರ ಎನ್ನುವ ಒಂದು ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ, ಭರತಖಂಡದ ವಾಯವ್ಯ ಮೂಲೆಯ ಲಿಪಿ. ಅಷ್ಟು ದೂರದ ಅಕ್ಷರ ಬಲ್ಲವನೊಬ್ಬ ಈ ಜನಗಿ ಹಳ್ಳದ ದಂಡೆಗೆ ಬಂದು, ಇಲ್ಲಿಯ ನೀರು ಕುಡಿದು, ಬಂಡೆಯ ಮುಂದೆ ಕೂತು ಉಳಿ ಹಿಡಿದವರಿಗೆ ಅಕ್ಷರ ತೋರಿಸಿದ. ಅವನು ಬೇಸಿಗೆಯಲ್ಲಿ ಬಂದಿದ್ದರೆ ಕುಡಿದದ್ದು ವರತೆಯ ನೀರನ್ನೇ ಇರಬೇಕು. ಇದು ನನ್ನ ಊಹೆ, ಆದರೆ ಈ ಸೀಮೆಯ ಬೇಸಿಗೆ ಬಲ್ಲವರಾರೂ ಅದನ್ನು ತಳ್ಳಿಹಾಕುವುದಿಲ್ಲ.

ಇಲ್ಲಿ ಊರು ಹುಟ್ಟಿದ್ದು ಅಶೋಕನಿಂದಲ್ಲ. ಬ್ರಹ್ಮಗಿರಿಯಲ್ಲಿ ಮೊದಲು ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅಗೆದರು, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದರು. ಪದರದ ಮೇಲೆ ಪದರ ಸಿಕ್ಕಿತು: ನುಣುಪು ಕಲ್ಲುಕೊಡಲಿಯವರು, ಅವರ ಮೇಲೆ ಕಬ್ಬಿಣ ಬಲ್ಲ ಬೃಹತ್ ಶಿಲಾಗೋರಿಯವರು, ಅವರ ಮೇಲೆ ಶಾತವಾಹನರ ಕಾಲದವರು. ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಕಾಲದ ಮೆಟ್ಟಿಲು ಕಟ್ಟಿಕೊಟ್ಟ ಅಗೆತಗಳಲ್ಲಿ ಇದೊಂದು. ಕಲ್ಲುಕೊಡಲಿಯ ಕಾಲದವರು ಸತ್ತ ಹಸುಗೂಸುಗಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದರು. ಆ ಮಡಕೆಗೆ ಮಣ್ಣು ಕಲಸಿದ ನೀರು ಇದೇ ಹಳ್ಳದ್ದು. ನಾವು ಶಾಸನವನ್ನು ಪಾಠದಲ್ಲಿ ಓದುತ್ತೇವೆ, ಹಳ್ಳವನ್ನು ಓದುವುದಿಲ್ಲ. ಹಳ್ಳವಿಲ್ಲದೆ ಆ ಮೂರು ಪದರದಲ್ಲಿ ಒಂದೂ ಇರುತ್ತಿರಲಿಲ್ಲ.

ಐರ್ಲೆಂಡಿನ ಜನ ಕಲ್ಲನ್ನೂ ಹೊಳೆಯನ್ನೂ ಒಟ್ಟಿಗೇ ನೆನೆಯುತ್ತಾರೆ. ಅಲ್ಲಿಯ ಬಾಯ್ನ್ ಎಂಬ ನದಿಯ ದಂಡೆಯಲ್ಲಿ ನ್ಯೂಗ್ರೇಂಜ್ ಎಂಬ ಶಿಲಾಗೋರಿಯಿದೆ, 5,000 ವರ್ಷಕ್ಕೂ ಹಿಂದಿನದು, ನಮ್ಮ ಬ್ರಹ್ಮಗಿರಿಯ ಗೋರಿಗಳಿಗಿಂತ ಬಹಳ ಹಳೆಯದು. ಡಿಸೆಂಬರಿನಲ್ಲಿ ವರ್ಷದ ಅತಿ ಗಿಡ್ಡ ಹಗಲಿನ ಮುಂಜಾವದಲ್ಲಿ ಸೂರ್ಯನ ಬೆಳಕು ಅದರ ಒಳಕೋಣೆಗೆ ಹೋಗಿ ಬೀಳುತ್ತದೆ. 1993ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ತಾಣವೆಂದು ಘೋಷಿಸಿತು. ಆ ಇಡೀ ತಾಣಕ್ಕಿರುವ ಐರಿಷ್ ಹೆಸರಿನ ಅರ್ಥ ‘ಬಾಯ್ನ್ ನದಿಯ ಅರಮನೆ’. ಕಲ್ಲನ್ನು ಅವರು ಹೊಳೆಯ ಹೆಸರಿನಿಂದಲೇ ಕರೆಯುತ್ತಾರೆ. ಆ ನಾಡಿನ ಅತಿ ಉದ್ದದ ನದಿ ಶಾನನ್. ಅದಕ್ಕೂ ಒಬ್ಬ ಹೆಣ್ಣಿನ ಹೆಸರು. ಅರಿವಿನ ಬಾವಿಗೆ ಹೋಗಬಾರದು ಎಂದರೂ ಹೋದಳಂತೆ, ಬಾವಿ ಉಕ್ಕಿ ಅವಳನ್ನು ಮುಳುಗಿಸಿ ಹೊಳೆಯಾಗಿ ಹರಿಯಿತಂತೆ. ಕೆರೆಗೆ ಹಾರವಾದ ಹೆಣ್ಣುಮಕ್ಕಳ ಕಥೆ ಕೇಳಿ ಬೆಳೆದ ನಮಗೆ ಇದು ಪರದೇಶದ ಕಥೆ ಅನ್ನಿಸುವುದಿಲ್ಲ. ಮಳೆಗೆ ಬರವಿಲ್ಲದ ಆ ದೇಶ ಹೊಳೆಯನ್ನು ಹಾಗೆ ನೆನೆಯುವುದಾದರೆ, ಮಳೆಗಾಗಿ ಕಾಯುವ ನಾವು ಇನ್ನೆಷ್ಟು ನೆನೆಯಬೇಕು!

ನೆನೆಯುವವರು ನಮ್ಮಲ್ಲೂ ಇದ್ದಾರೆ. ಹಟ್ಟಿಗಳಿಗೆ ಹೋಗಿ ನೋಡಿ. ಮ್ಯಾಸನಾಯಕರ ದೇವರುಗಳು ಹೊಳೆಗೆ ಹೋಗುವ ದಿನ ಉರುಮೆ ಬಡಿಯುತ್ತ, ದೇವರ ಪೆಟ್ಟಿಗೆ ಹೊತ್ತು, ದೇವರ ಎತ್ತುಗಳನ್ನು ಹೊಡೆದುಕೊಂಡು ಗುಡಿಕಟ್ಟಿನವರೆಲ್ಲ ಬರುತ್ತಾರೆ. ಆ ಎತ್ತುಗಳನ್ನು ನೊಗಕ್ಕೆ ಕಟ್ಟುವಂತಿಲ್ಲ; ಅವುಗಳ ಹಿಂದೆ ಜೀವಮಾನ ಕಳೆಯುವ ಕಿಲಾರಿ ಇರುತ್ತಾನೆ. ಹೊಳೆಯಲ್ಲಿ ನೀರಿಲ್ಲದ ವರ್ಷವೂ ದೇವರು ಬರುವುದು ತಪ್ಪುವುದಿಲ್ಲ. ಆಗ ಮರಳು ಬಗೆದು, ವರತೆ ಮಾಡಿ, ಆ ನೀರಿನಲ್ಲಿ ದೇವರ ಮೈ ತೊಳೆಯುತ್ತಾರೆ. ಒಂದು ಸಲ ನಾನು ಪಕ್ಕದಲ್ಲೇ ನಿಂತಿದ್ದೆ. ಪೂಜಾರಿ ಮೊದಲ ಕದಡು ನೀರನ್ನು ಹೊರಗೆ ಚೆಲ್ಲಿ, ಕಣ್ಣುಮುಚ್ಚಿ ಕಾದ. ನಮ್ಮಜ್ಜಿ ಕಾದ ಹಾಗೇ.

ಕಾಡುಗೊಲ್ಲರ ಕ್ಯಾತಪ್ಪನ ಪರಿಷೆಯೂ ಇದೇ ಚಳ್ಳಕೆರೆ ಸೀಮೆಯದು. ಕಾಡಿನಿಂದ ತಂದ ಬಾರೆಮುಳ್ಳಿನಿಂದ ದೇವರಿಗೆ ಗುಡಿ ಕಟ್ಟಿ, ಅದರ ಮೇಲೆ ಕಳಸವಿಟ್ಟು, ಬರಿಗಾಲಲ್ಲಿ ಆ ಮುಳ್ಳಿನ ರಾಶಿ ಏರಿ ಕಳಸ ಇಳಿಸುತ್ತಾರೆ. ಮುಳ್ಳೇ ಬೆಳೆಯುವ ನೆಲದಲ್ಲಿ ದೇವರಿಗೆ ಮುಳ್ಳಿನದೇ ಮನೆ. ಅದೇ ಕಾಡುಗೊಲ್ಲರ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದುಬರಹ ಕಲಿಯದೆ ಸಾವಿರಾರು ಪದಗಳನ್ನು ನಾಲಗೆಯ ಮೇಲೆ ಇಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರರು ಅವರ ಜೊತೆ ಕೂತು ಬರೆದುಕೊಳ್ಳದೆ ಹೋಗಿದ್ದರೆ ಒಂದು ದೊಡ್ಡ ಹೊಳೆಯೇ ಬತ್ತುತ್ತಿತ್ತು.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಇನ್ನೊಂದು ದಾರಿ ಹಿಡಿದರು. ದುಡಿದವರಿಗೆ ದುಡಿದಷ್ಟು ಕೂಲಿ ಸಿಗಬೇಕು ಎಂದು ನಿಂತು, ಸುತ್ತ ಐದು ಕೆರೆ ಕಟ್ಟಿಸಿದರು ಎನ್ನುತ್ತದೆ ಸ್ಥಳಪರಂಪರೆ. ಕೂಲಿಯ ಗುಡ್ಡೆಯಲ್ಲಿ ಪ್ರತಿಯೊಬ್ಬನಿಗೂ ಅವನ ದುಡಿಮೆಯಷ್ಟೇ ಸಿಗುತ್ತಿತ್ತು ಎಂಬ ಕಥೆಯನ್ನು ರಥೋತ್ಸವಕ್ಕೆ ಹೋದವರೆಲ್ಲ ಕೇಳಿರುತ್ತೀರಿ. ಹೊಳೆಗೆ ಸೇರುವ ಮುನ್ನ ಹಳ್ಳದ ನೀರನ್ನು ಊರೂರಿನಲ್ಲಿ ನಿಲ್ಲಿಸಿ, ಮಿಕ್ಕದ್ದನ್ನು ಕೋಡಿಯಿಂದ ಮುಂದಿನ ಊರಿಗೆ ಬಿಡುವ ಲೆಕ್ಕ ಕೆರೆಯದು. ಆ ಕೆರೆಗಳಿಗೆ ನೀರು ಬರುವುದು ಕಾವಲುಗಳಿಂದ. ನಮ್ಮ ಅಮೃತಮಹಲ್ ಕಾವಲಿನ ಹುಲ್ಲುಗಾವಲು ಬೋಳು ನೆಲದ ಹಾಗೆ ಕಂಡರೂ ಮಳೆಯನ್ನು ಹಿಡಿದು ನಿಧಾನ ಬಿಡುವ ಸ್ಪಂಜು. ಖುದಾಪುರ, ಉಳ್ಳಾರ್ತಿ, ವರವು ಕಡೆ ಸಾವಿರಾರು ಎಕರೆ ಕಾವಲು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ದೇಶಕ್ಕೆ ಆ ಸಂಸ್ಥೆಗಳು ಬೇಕು, ಒಪ್ಪುತ್ತೇನೆ. ಕೊಡುವಾಗ ಆ ಹುಲ್ಲುಗಾವಲನ್ನು ಬೀಳು ಭೂಮಿ ಎಂದದ್ದನ್ನು ಮಾತ್ರ ಒಪ್ಪಲಾರೆ.

1892ನೇ ಇಸವಿಯನ್ನು ಮತ್ತೆ ನೆನಪಿಸುತ್ತೇನೆ. ಹಳ್ಳದ ದಂಡೆಯಲ್ಲಿ ಅಶೋಕನ ಕಲ್ಲು ಸಿಕ್ಕ ಅದೇ ವರ್ಷ ಮದ್ರಾಸು ಮತ್ತು ಮೈಸೂರು ಸರ್ಕಾರಗಳು ನೀರಿನ ಒಪ್ಪಂದವೊಂದಕ್ಕೆ ಸಹಿ ಮಾಡಿದವು. ಕಾವೇರಿಯ ಜಗಳದಲ್ಲಿ ಎಲ್ಲರೂ ಹೆಸರಿಸುವ ಒಪ್ಪಂದ ಅದು. ಅದರ ಪಟ್ಟಿಯಲ್ಲಿ ನಮ್ಮ ಹಗರಿಯೂ ಇದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಕೆಳಗಿನವರ ಒಪ್ಪಿಗೆಯಿಲ್ಲದೆ ಮೈಸೂರು ಈ ಹೊಳೆಗಳಿಗೆ ಹೊಸ ಜಲಾಶಯ ಕಟ್ಟುವಂತಿರಲಿಲ್ಲ.

ಆದರೂ ಇದೇ ಹೊಳೆಗೆ ಹಿರಿಯೂರಿನ ಸೀಮೆಯಲ್ಲಿ ಅಡ್ಡ ಕಟ್ಟಿದ ಮಾರಿಕಣಿವೆ ಅಣೆಕಟ್ಟಿನ ಕೆಲಸ 1898ರಲ್ಲಿ ಮೊದಲಾಗಿ 1907ರಲ್ಲಿ ಮುಗಿಯಿತು. ಎರಡು ಗುಡ್ಡದ ನಡುವಿನ ಕಿರಿದಾದ ಕಣಿವೆ, ಅಲ್ಲಿ ಕಣಿವೆ ಮಾರಮ್ಮ. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಹೆಸರಿನಲ್ಲಿ ಅದು ವಾಣಿವಿಲಾಸ ಸಾಗರವಾಯಿತು. ಕನ್ನಂಬಾಡಿಗಿಂತ ಹಳೆಯದು. 130 ಅಡಿಗೆ ತುಂಬಿದರೆ 30 ಟಿಎಂಸಿ ನೀರು. ತುಂಬಬೇಕಲ್ಲ! 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ. 89 ವರ್ಷ. ಹಿರಿಯೂರಿಗೆ ತೆಂಗು, ಕಬ್ಬು, ಹಸಿರು ಬಂತು. ಹಿರಿಯೂರಿನ ರೈತರ ಮೇಲೆ ನನಗೆ ಮುನಿಸಿಲ್ಲ, ಅವರೂ ಬರ ಕಂಡವರೇ. ಆದರೆ ಕಣಿವೆಯ ಕೆಳಗೆ ನಮಗೆ ಉಳಿದದ್ದು ಸುವರ್ಣಮುಖಿ, ಗರಣಿ ಹಳ್ಳದಂಥ ಕೆಲವು ತೊರೆಗಳು ತಂದಷ್ಟು ನೀರು, ಮತ್ತು ಹಳೆಯ ಮರಳು. ಚಳ್ಳಕೆರೆಗೆ ಕಾಲು ಟಿಎಂಸಿ ಬಿಡಿ ಎಂದು ಕೇಳುವುದಕ್ಕೂ, ಬಿಡಬೇಡಿ ಎಂದು ತಡೆಯುವುದಕ್ಕೂ ಅಣ್ಣತಮ್ಮಂದಿರಂಥ ಎರಡು ತಾಲೂಕು ಬೀದಿಗೆ ಇಳಿದದ್ದನ್ನು ನೀವೇ ನೋಡಿದ್ದೀರಿ. ಈಗ ಭದ್ರಾ ಮೇಲ್ದಂಡೆಯಿಂದ ಕಣಿವೆಗೆ 2 ಟಿಎಂಸಿ ಎಂದು ಗೊತ್ತುಮಾಡಿದ್ದಾರೆ. ತುಂಗಭದ್ರೆಯ ಹಿನ್ನೀರಿನಿಂದ ಕುಡಿಯುವ ನೀರಿನ ಯೋಜನೆಯೂ ಇದೆ. ಬರಲಿ. ಬರುವ ಹೊಸ ನೀರನ್ನು ಹಿಡಿದಿಡುವ ಮರಳು ಹೊಳೆಯಲ್ಲಿ ಇದೆಯೇ ಎನ್ನುವುದು ನನ್ನ ಪ್ರಶ್ನೆ.

ಏಕೆಂದರೆ ನಾವು ಮಾರಿಕೊಂಡದ್ದು ಅದನ್ನೇ. ಊರುಗಳು ಪಟ್ಟಣವಾದವು, ಪಟ್ಟಣಗಳು ನಗರವಾದವು, ಎಲ್ಲಕ್ಕೂ ಮರಳು ಬೇಕಾಯಿತು. ರಾತ್ರಿ ಎರಡು ಗಂಟೆಗೆ ಟ್ರ್ಯಾಕ್ಟರ್ ಸದ್ದಿಗೆ ಎಚ್ಚರವಾಗುತ್ತಿದ್ದ ವರ್ಷಗಳು ಹೊಳೆದಂಡೆಯ ಪ್ರತಿ ಮನೆಗೂ ನೆನಪಿವೆ. ಒಂದು ಘನಮೀಟರ್ ಮರಳು ಹೋದರೆ ಸುಮಾರು 300 ಲೀಟರ್ ನೀರಿನ ಮನೆ ಹೋಯಿತು. ಮರಳಿಗೆ ಬೆಲೆ ಕಟ್ಟಿದವರು ಆ ನೀರಿಗೆ ಬೆಲೆ ಕಟ್ಟಲಿಲ್ಲ. ಹೊಳೆಯ ತಳ ಇಳಿಯಿತು, ದಂಡೆಯ ಬಾವಿ ಬತ್ತಿದವು, ಬೋರ್‌ವೆಲ್ ಆಳಕ್ಕೆ ಹೋದವು. ಆಳದ ಬಂಡೆಯ ನೀರಿನಲ್ಲಿ ಫ್ಲೋರೈಡ್. ನಾನು ಪಾಠ ಮಾಡುತ್ತಿದ್ದ ಕೋಣೆಯಲ್ಲಿ ಮಕ್ಕಳು ನಕ್ಕಾಗ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತಿತ್ತು. ಕೆಲವು ಹೆಣ್ಣುಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಿದ್ದರು. ವರತೆಯ ನೀರು ಕುಡಿದ ಅವರ ಅಜ್ಜಿಯರ ಹಲ್ಲು ಬೆಳ್ಳಗಿದ್ದವು. ಒಂದೇ ಮನೆಯ ಎರಡು ತಲೆಮಾರಿನ ಬಾಯಲ್ಲಿ ಈ ಹೊಳೆಯ ಚರಿತ್ರೆಯನ್ನು ನಾನು ಓದಿದ್ದೇನೆ, ಮತ್ತು ಅದನ್ನು ಯಾವ ಪುಸ್ತಕಕ್ಕಿಂತ ಹೆಚ್ಚು ನಂಬುತ್ತೇನೆ.

ನಮ್ಮ ಕೆಳಗೆ ಕಣೇಕಲ್ಲು, ಬೊಮ್ಮನಹಾಳದ ಕಡೆ ಕಷ್ಟ ಇನ್ನೊಂದು ಬಗೆಯದು. ಅಲ್ಲಿ ಮುಂಗಾರಿನ ಗಾಳಿಗೆ ಒಣ ಹೊಳೆಯ ಮರಳು ಎದ್ದು, ಮೂಡಣ ದಂಡೆಯ ಹೊಲಗಳ ಮೇಲೆ ದಿಬ್ಬವಾಗಿ ಕೂರುತ್ತದೆ. ನೀರು ಒತ್ತಿ ಹಿಡಿದಾಗ ಮರಳು ಹೊಳೆ. ನೀರು ಬಿಟ್ಟುಹೋದರೆ ಮರುಭೂಮಿ.

2022ರ ಸೆಪ್ಟೆಂಬರಿನ ಮಾತು. ಕಣಿವೆ ಕೋಡಿ ಬಿತ್ತು ಎಂದು ಸುದ್ದಿ ಬಂದಾಗ ಪರಶುರಾಂಪುರದ ಕಡೆಯ ಊರವರೆಲ್ಲ ದಂಡೆಗೆ ಬಂದು ನಿಂತರು. ಅರಿಶಿನ, ಕುಂಕುಮ, ಬಾಗಿನದ ಮೊರ ಹಿಡಿದ ಹೆಂಗಸರು. ಜಲಾಶಯ ಹಿಂದಿನ ಸಲ ತುಂಬಿದ್ದನ್ನು ಕಂಡವರು ಆ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ. ಆ ವರ್ಷ ಹಳ್ಳಕೊಳ್ಳದ ನೀರು ಮೊದಲೇ ಬಂದಿತ್ತು, ಆದರೂ ಕಣಿವೆಯ ನೀರೆಂದರೆ ಬೇರೆ. ಹೊಳೆ ಒಣಗಿದ್ದಾಗ ಬರುವ ನೀರನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೆ: ಮುಂದೆ ಒಂದು ಗೇಣು ಎತ್ತರದ ನೊರೆಯ ಅಂಚು, ಅದರ ಮೇಲೆ ಕಸಕಡ್ಡಿ, ಬೇವಿನ ಹಣ್ಣು, ಇರುವೆಗಳು. ಅದು ಓಡಿ ಬರುವುದಿಲ್ಲ. ನಡೆದು ಬರುತ್ತದೆ, ನಿಂತು ನಿಂತು. ಪ್ರತಿ ಹೆಜ್ಜೆಗೂ ಮರಳು ಅದನ್ನು ಕುಡಿಯುತ್ತದೆ, ಕುಡಿಯುವಾಗ ಸಣ್ಣಗೆ ಸಿರ್ ಎಂದು ಸದ್ದು ಮಾಡುತ್ತದೆ, ಗುಳ್ಳೆ ಏಳುತ್ತವೆ. ಮಕ್ಕಳು ಅದರ ಮುಂದೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಅದನ್ನು ಊರಿಗೆ ಕರಕೊಂಡು ಬರುತ್ತಿದ್ದರು. 2025ರ ಜನವರಿಯಲ್ಲಿ ಕಣಿವೆ ಮತ್ತೆ ಕೋಡಿ ಬಿತ್ತು.

ಅದೇ ವರ್ಷದ ಬೇಸಿಗೆಯಲ್ಲಿ ಮೊಮ್ಮಗಳನ್ನು ಕರಕೊಂಡು ಹೊಳೆಗೆ ಇಳಿದೆ. ಅಜ್ಜಿ ತೋಡುತ್ತಿದ್ದ ಜಾಗದಲ್ಲಿ ಮರಳೇ ಇರಲಿಲ್ಲ. ಬಿರುಕುಬಿಟ್ಟ ಜೇಡಿ, ಬುಲ್ಡೋಜರಿನ ಹಲ್ಲಿನ ಗುರುತು ಇನ್ನೂ ಮಾಸಿಲ್ಲ. ಅರ್ಧ ಮೈಲಿ ಮೇಲಕ್ಕೆ ನಡೆದೆವು. ಎರಡು ಬಂಡೆಗಳ ನಡುವೆ ಟ್ರ್ಯಾಕ್ಟರ್ ಇಳಿಯಲಾಗದ ಕಡೆ ಒಂದಿಷ್ಟು ಮರಳು ಉಳಿದಿತ್ತು. ನನ್ನ ಹೆಬ್ಬೆರಳಿಗೆ ಅಜ್ಜಿಯ ವಿದ್ಯೆ ಇಲ್ಲ. ಮೂರು ಕಡೆ ಬಗೆದು ನಾಲ್ಕನೆಯ ಕಡೆ, ಎರಡು ಮೊಳಕ್ಕೆ, ಗೋಡೆ ಬೆಲ್ಲದ ಬಣ್ಣಕ್ಕೆ ತಿರುಗಿತು. ಮೊಮ್ಮಗಳು ನೀರಿನ ಬಾಟಲಿ ಅದ್ದಲು ಹೋದಳು. ತಡಿ ಎಂದೆ. ನಾಲ್ಕು ಸಲ ಹೊರಗೆ ಚೆಲ್ಲಿಸಿ, ಇಬ್ಬರೂ ಗುಂಡಿಯ ಅಂಚಿಗೆ ಗದ್ದ ಊರಿ ಕೂತೆವು. ತಳದ ಕಾಳು ಒಂದೊಂದಾಗಿ ಕಾಣತೊಡಗುವ ಹೊತ್ತಿಗೆ ಹಿಂದೆ ಕುರಿಯ ಗಂಟೆ ಕೇಳಿಸಿತು. ಹೆಗಲ ಮೇಲೆ ಕಂಬಳಿ ಹಾಕಿಕೊಂಡಿದ್ದ ಹುಡುಗನೊಬ್ಬ ಬಂದು ನಿಂತು, ನಮ್ಮನ್ನೂ ನೀರನ್ನೂ ನೋಡಿ, "ನೀವು ಕುಡುದ್ರಾ?" ಎಂದು ಕೇಳಿದ. ನಾವು ಎದ್ದು ಜಾಗ ಬಿಟ್ಟೆವು.